ಅವ್ವನನ್ನೂ ಮಗಳನ್ನೂ ಕರ್ಕೊಂಡು ಬ್ಯಾಂಕಾಕ್‌ಗೆ ಹೊರಟಿದ್ದೇವೆ, ಯಾವ ಏರಿಯಾದಲ್ಲಿ ಉಳಿಯಬೇಕು?

ಟಿಳಕವಾಡಿ ಮಂದಿ
ಎಲ್ಲರಿಗೂ ನಮಸ್ಕಾರ ರೀ. ದಸರಾ ರಜೆಗೆ ಬ್ಯಾಂಕಾಕ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ನಾಲ್ಕನೇ ಕ್ಲಾಸಿನ ಮಗಳು, ಜೊತೆಗೆ ಅವ್ವ. ಅವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಮೊಣಕಾಲು ನೋವು ಇದೆ. ಸಮತಟ್ಟಾದ ದಾರಿಯಲ್ಲಿ ಆರಾಮಾಗಿ ನಡೆಯುತ್ತಾಳೆ, ಮೆಟ್ಟಿಲು ಬಂದರೆ ಕಷ್ಟ. ಎಲ್ಲರೂ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ಬೆಂಗಳೂರಿನಿಂದ ವಿಮಾನದ ಟಿಕೆಟ್ ಆಗಿದೆ. ರೂಮ್ ಇನ್ನೂ ಆಗಿಲ್ಲ, ಯಾಕಂದ್ರೆ ಯಾವ ಏರಿಯಾ ಅನ್ನೋದೇ ಗೊತ್ತಾಗ್ತಿಲ್ಲ. ಏಜೆಂಟ್ ಒಬ್ಬರು ಪ್ರತುನಾಮ್ ಅಂತಾರೆ. ಹೆಂಡತಿಯ ತಮ್ಮ ಸುಖುಮ್ವಿತ್ ಬಿಟ್ಟು ಬೇರೆ ಕಡೆ ನೋಡಲೇಬೇಡಿ ಅಂತಾನೆ. ಆಫೀಸಿನಲ್ಲಿ ಒಬ್ಬರು ನದಿ ದಂಡೆಯ ಹೋಟೆಲ್ ಹಿಡಿಯಿರಿ ಅಂತಾರೆ. ಅರಮನೆ, ಮಲಗಿದ ಬುದ್ಧ, ಮಗಳಿಗೆ ಅಕ್ವೇರಿಯಂ, ಹೆಂಡತಿಗೆ ಒಂದಿಷ್ಟು ಬಟ್ಟೆ ಖರೀದಿ, ಇಷ್ಟು ನೋಡಬೇಕು. ರೂಮಿಗೆ ದಿನಕ್ಕೆ ಐದಾರು ಸಾವಿರ ರೂಪಾಯಿವರೆಗೆ ಕೊಡಬಹುದು. ಹೋಗಿ ಬಂದವರು ದಯವಿಟ್ಟು ಹೇಳಿ.

ಕುಂದಾ ಪ್ರಿಯ
ಪ್ರತುನಾಮ್. ವಿಚಾರ ಮಾಡೋದೇ ಬೇಡ. ಹೋಟೆಲ್ ಬಾಗಿಲು ದಾಟಿದರೆ ರೋಟಿ, ದಾಲ್, ದೋಸೆ ಎಲ್ಲ ಸಿಗುತ್ತದೆ. ರೂಮೂ ಅಗ್ಗ.

ಅನಗೋಳದ ಅಕ್ಕ
ವಿಚಾರ ಮಾಡಲೇಬೇಕು. ಇವರ ಜೊತೆ ಮೊಣಕಾಲು ನೋವಿನ ಹಿರಿಯರಿದ್ದಾರೆ.

ಪ್ರತುನಾಮ್‌ನಲ್ಲಿ ಊಟ ಸಿಗುತ್ತದೆ, ಅದು ನಿಜ. ಆದರೆ ಬಿಟಿಎಸ್ ಅಂತ ಮೇಲೆ ಓಡುವ ಟ್ರೇನ್ ಇದೆಯಲ್ಲ, ಅದರ ಸ್ಟೇಷನ್ ಆ ಮಾರ್ಕೆಟ್ ಒಳಗೆ ಇಲ್ಲ. ಹತ್ತಿರದ್ದು ಅಂದ್ರೆ ಚಿಟ್ ಲೋಮ್ ಅಥವಾ ರಾಚಥೇವಿ. ಎರಡೂ ಕಡೆ ಚೆನ್ನಾಗಿ ನಡೆಯಬೇಕು. ಫುಟ್‌ಪಾತ್ ತುಂಬ ಅಂಗಡಿಗಳು, ನಡುವೆ ಬೈಕು, ತಳ್ಳುಗಾಡಿ. ಟ್ಯಾಕ್ಸಿ ಹಿಡಿದರೆ ಸಂಜೆ ಹೊತ್ತು ಆ ಚೌಕ ದಾಟಲು ಅರ್ಧ ಗಂಟೆ. ಸಾಲದ್ದಕ್ಕೆ ಅಲ್ಲಿ ಹೊಸ ಮೆಟ್ರೊದ ಕಿತ್ತಳೆ ಮಾರ್ಗದ ಕೆಲಸ ಬೇರೆ ನಡೆದಿದೆ. ನನ್ನ ಅತ್ತೆಯನ್ನು ಅಲ್ಲಿ ಇಳಿಸಿದ್ದೆವು. ಅವರು ಬೆಳಿಗ್ಗೆ ಹೊರಗೆ ಹೋಗಿ ಬಂದರೆ ಮತ್ತೆ ಸಂಜೆ ಹೊರಡಲು ಒಪ್ಪುತ್ತಲೇ ಇರಲಿಲ್ಲ. ಅಷ್ಟು ದೂರ ಹೋಗಿ ರೂಮಿನಲ್ಲಿ ಟಿವಿ ನೋಡಬೇಕಾ?

ಶಹಾಪುರ ಸೀರೆ
ಅಕ್ಕಾರೆ, ಪ್ರತುನಾಮ್‌ಗೆ ಇಷ್ಟು ಬೈಬೇಡ್ರಿ. ನಾನು ಬಟ್ಟೆ ವ್ಯಾಪಾರದವನು, ಸಾಕಷ್ಟು ಸಲ ಅಲ್ಲೇ ಉಳಿದಿದ್ದೇನೆ. ಹಬ್ಬದ ಹಿಂದಿನ ದಿನ ಗಣಪತ್ ಗಲ್ಲಿ ಹೇಗಿರುತ್ತದೋ ಪ್ರತುನಾಮ್ ದಿನಾ ಹಾಗೆ. ಗದ್ದಲ ಇರುತ್ತದೆ, ಆದರೆ ಭಯ ಇಲ್ಲ. ಪ್ಲಾಟಿನಮ್ ಫ್ಯಾಶನ್ ಮಾಲ್‌ನಲ್ಲಿ ಒಂದೇ ಅಂಗಡಿಯಲ್ಲಿ ಮೂರು ಪೀಸ್ ತಗೊಂಡರೆ ಬಹಳ ಕಡೆ ಹೋಲ್‌ಸೇಲ್ ದರ ಹಾಕುತ್ತಾರೆ. ಪಕ್ಕದಲ್ಲೇ ಬಾಯೋಕ್ ಟವರ್ ಇದೆ, ಮೇಲೆ ಹತ್ತಿದರೆ ಇಡೀ ಊರು ಕಾಣುತ್ತದೆ.

ಇನ್ನೊಂದು ಮಾತು. ಚಿಟ್ ಲೋಮ್ ಸ್ಟೇಷನ್ನಿಂದ ಮೇಲೆ ಮೇಲೆ ಸ್ಕೈವಾಕ್ ಇದೆ. ಸೆಂಟ್ರಲ್‌ವರ್ಲ್ಡ್ ಮಾಲ್ ದಾಟಿ ಪ್ಲಾಟಿನಮ್ ಕಡೆಗೆ ಅದರ ಮೇಲೇ ಬರಬಹುದು. ರಸ್ತೆಗೆ ಇಳಿಯೋ ಕೆಲಸ ಇಲ್ಲ.

ಅನಗೋಳದ ಅಕ್ಕ
ಸ್ಕೈವಾಕ್ ಇದೆ, ಇಲ್ಲ ಅಂದೆನಾ? ಉದ್ದ ಎಷ್ಟು ಅಂತ ನೀವೇ ಹೇಳಿ. ಅಲ್ಲಿಂದ ಇಳಿದ ಮೇಲೆ ಹೋಟೆಲ್‌ವರೆಗೆ ಮತ್ತೆ ಗಲ್ಲಿ. ನೀವು ಮೂಟೆ ಕಟ್ಟಲು ಹೋಗುತ್ತೀರಿ, ಮಾರ್ಕೆಟ್ ಮೇಲೆಯೇ ಮಲಗೋದು ನಿಮಗೆ ಸರಿ. ಇವರು ಬಟ್ಟೆ ಕೊಳ್ಳೋದು ಒಂದು ಮಧ್ಯಾಹ್ನ. ಒಂದು ಮಧ್ಯಾಹ್ನಕ್ಕಾಗಿ ವಾರ ಪೂರ್ತಿ ಅಲ್ಲಿರಬೇಕಾ?

ಶಹಾಪುರ ಸೀರೆ
ಈ ಮಾತು ಒಪ್ಪಿದೆ. ನನ್ನ ಕೆಲಸ ಬೇರೆ, ಅವರ ಕೆಲಸ ಬೇರೆ.

ಸಂಕೇಶ್ವರ ಹುಡುಗ
ಖಾವೊಸಾನ್ ರಸ್ತೆ ಯಾರೂ ಹೇಳಲಿಲ್ಲವಲ್ಲ? ಅರಮನೆ ಹತ್ತಿರ, ರೂಮು ಬಹಳ ಅಗ್ಗ. ನಾವು ಗೆಳೆಯರು ಅಲ್ಲೇ ಇದ್ದೆವು, ಮಸ್ತ್ ಇತ್ತು.

ಕೋಟೆ ಕೆರೆ ವಾಕಿಂಗ್
ತಮ್ಮಾ, ನಿಮ್ಮ ವಯಸ್ಸಿಗೆ ಮಸ್ತ್. ಅಲ್ಲಿ ರಾತ್ರಿ ಎರಡರವರೆಗೆ ಸ್ಪೀಕರ್. ಮೆಟ್ರೊ ಪಕ್ಕದಲ್ಲಿಲ್ಲ, ಬಸ್ಸು, ಟ್ಯಾಕ್ಸಿ ಇಲ್ಲಾ ದೋಣಿ ಹಿಡಿಯಬೇಕು. ಅಜ್ಜಿ, ಮೊಮ್ಮಗಳು ಇರುವಾಗ ಆ ಕಡೆ ಬೇಡ.

ನವನಗರದವ
ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನೀವೆಲ್ಲ ಏರಿಯಾ ಹೆಸರು ಹೇಳುತ್ತಾ ಇದ್ದೀರಿ. ಬ್ಯಾಂಕಾಕ್‌ನಲ್ಲಿ ಏರಿಯಾ ಆರಿಸಬಾರದು, ಸ್ಟೇಷನ್ ಆರಿಸಬೇಕು.

ಯಾಕಂದ್ರೆ ಸುಖುಮ್ವಿತ್ ಅನ್ನೋದು ಒಂದು ರಸ್ತೆ, ಅದು ಊರು ದಾಟಿ ಎಷ್ಟೋ ದೂರ ಹೋಗುತ್ತದೆ. 'ಸುಖುಮ್ವಿತ್‌ನಲ್ಲಿ ಹೋಟೆಲ್' ಅಂದರೆ ಏನೂ ಹೇಳಿದಂತೆ ಆಗಲಿಲ್ಲ. ಆ ರಸ್ತೆಯಿಂದ ಎರಡೂ ಕಡೆ ಸೋಯಿ ಅಂತ ಅಡ್ಡರಸ್ತೆಗಳು ಒಡೆಯುತ್ತವೆ. ಬೆಸ ಸಂಖ್ಯೆಯವು ಒಂದು ಕಡೆ, ಸಮ ಸಂಖ್ಯೆಯವು ಇನ್ನೊಂದು ಕಡೆ. ಕೆಲವು ಸೋಯಿ ಒಂದು ಕಿಲೋಮೀಟರಿಗಿಂತ ಉದ್ದ. ಹೋಟೆಲ್‌ನವರು 'ಸ್ಟೇಷನ್ ಹತ್ತಿರ' ಅಂತ ಹಾಕಿರುತ್ತಾರೆ, ನೋಡಿದರೆ ಸೋಯಿಯ ಕೊನೆಯ ಮೂಲೆಯಲ್ಲಿ ಇರುತ್ತದೆ. ಅಲ್ಲಿಂದ ದಿನಾ ಬಿಸಿಲಲ್ಲಿ ನಡೀಬೇಕು, ಇಲ್ಲಾ ಕಿತ್ತಳೆ ಜಾಕೆಟ್ ಹಾಕಿದ ಬೈಕ್‌ನವರ ಹಿಂದೆ ಕೂರಬೇಕು. ನಿಮ್ಮ ಅವ್ವಾರನ್ನು ಬೈಕ್ ಮೇಲೆ ಕೂರಿಸುತ್ತೀರಾ?

ಎರಡನೇದು ಲಿಫ್ಟ್. ಬಿಟಿಎಸ್ 1999ರಲ್ಲಿ ಶುರುವಾದದ್ದು, ಸ್ಟೇಷನ್ ಎಲ್ಲ ರಸ್ತೆಯ ಮೇಲೆ ಎರಡು ಮಹಡಿ ಎತ್ತರ. ಲಿಫ್ಟ್ ಎಲ್ಲ ಬಾಗಿಲಿಗೂ ಇರುವುದಿಲ್ಲ, ಹುಡುಕಬೇಕು. ಅದಕ್ಕೆ ಉಪಾಯ ಅಂದ್ರೆ ಮಾಲ್‌ಗೆ ಅಂಟಿದ ಸ್ಟೇಷನ್ ಹಿಡಿಯೋದು. ಅಸೋಕ್‌ಗೆ ಟರ್ಮಿನಲ್ 21 ಅಂಟಿಕೊಂಡಿದೆ. ಫ್ರೋಮ್ ಫೋಂಗ್‌ಗೆ ಎಂಪೋರಿಯಮ್, ಎಂಕ್ವಾರ್ಟಿಯರ್. ಸಯಾಮ್‌ಗೆ ಪ್ಯಾರಾಗಾನ್. ರಸ್ತೆಯಿಂದ ಮಾಲ್ ಒಳಗೆ ಹೋಗಿ, ಅವರ ಲಿಫ್ಟ್‌ನಲ್ಲಿ ಮೇಲೆ ಬಂದು, ಎಸಿಯಲ್ಲೇ ನಡೆದು ಸ್ಟೇಷನ್ ಸೇರಬಹುದು. ಹಿರಿಯರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಒಂದೇ ಲಕ್ಷ್ಯ ಇಡಬೇಕು, ಮಾಲ್ ತೆರೆಯೋದು ಹತ್ತು ಗಂಟೆಗೆ. ಅದಕ್ಕೂ ಮುಂಚೆ ಹೊರಟರೆ ಸ್ಟೇಷನ್ನಿನದೇ ಲಿಫ್ಟ್ ಎಲ್ಲಿದೆ ಅಂತ ಹಿಂದಿನ ದಿನ ನೋಡಿಟ್ಟುಕೊಳ್ಳಿ.

ಅನಗೋಳದ ಅಕ್ಕ
ನವನಗರದ ಅಣ್ಣಾರು ಹೇಳಿದ್ದು ಬರೆದಿಟ್ಟುಕೊಳ್ಳಿ.

ಗೋಕಾಕ ಕರದಂಟು
ಅಸೋಕ್ ಅಂತ ಹೇಳುತ್ತಿದ್ದೀರಿ, ಆದರೆ ಅಲ್ಲೇ ಪಕ್ಕದಲ್ಲಿ ಬಾರ್‌ಗಳ ಗಲ್ಲಿ ಇದೆ ಅಂತ ಕೇಳಿದ್ದೇನೆ. ಫ್ಯಾಮಿಲಿ ಕರ್ಕೊಂಡು ಹೋಗೋರಿಗೆ ಅದು ಹೇಗೆ ಸರಿ ಆಗುತ್ತದೆ?

ನವನಗರದವ
ಸೋಯಿ ಕೌಬಾಯ್ ಅಂತ ಒಂದು ಚಿಕ್ಕ ಗಲ್ಲಿ, ಸೋಯಿ 21 ಮತ್ತು 23ರ ನಡುವೆ. ಆ ಗಲ್ಲಿಗೆ ಹೋಗದಿದ್ದರೆ ಅದು ಕಾಣುವುದೂ ಇಲ್ಲ. ಜಾಸ್ತಿ ಇರುವುದು ನಾನಾ ಸ್ಟೇಷನ್ ಕಡೆ, ಸೋಯಿ 4ರಲ್ಲಿ. ಸೋಯಿ 11 ಕೂಡ ರಾತ್ರಿ ಗದ್ದಲ. ಹಾಗಾಗಿ ನಾನಾ ಬಿಡಿ. ಅಸೋಕ್‌ನಿಂದ ಫ್ರೋಮ್ ಫೋಂಗ್ ಕಡೆ ಸರಿದಷ್ಟೂ ಸಂಸಾರಸ್ಥರ ವಾತಾವರಣ. ಅಲ್ಲಿ ಜಪಾನಿನ ಕುಟುಂಬಗಳು ಬಹಳ ಇವೆ. ಸ್ಟೇಷನ್ ಪಕ್ಕದಲ್ಲೇ ಬೆಂಚಸಿರಿ ಪಾರ್ಕ್ ಇದೆ, ಮಗುವಿಗೆ ಆಟಕ್ಕೂ ಆಯಿತು, ಅಜ್ಜಿಗೆ ಸಂಜೆ ಕೂರಲಿಕ್ಕೂ ಆಯಿತು.

ಕುಂದಾ ಪ್ರಿಯ
ಎಲ್ಲ ಸರಿ, ಊಟ? ಫ್ರೋಮ್ ಫೋಂಗ್‌ನಲ್ಲಿ ಪ್ರತುನಾಮ್‌ನಷ್ಟು ನಮ್ಮ ಊಟ ಎಲ್ಲಿ ಸಿಗುತ್ತದೆ? ಅಮ್ಮನಿಗೆ ಮೊಣಕಾಲು ಎಷ್ಟು ಮುಖ್ಯವೋ ಹೊಟ್ಟೆಯೂ ಅಷ್ಟೇ ಮುಖ್ಯ. ನೀವೆಲ್ಲ ಲಿಫ್ಟ್ ಮೇಲೆ ಇಷ್ಟು ಬರೆದಿದ್ದೀರಿ, ಊಟದ ಬಗ್ಗೆ ಒಂದು ಸಾಲೂ ಇಲ್ಲ.

ಹಿಂದವಾಡಿ ಜೈನ್ ಮನೆ
ಊಟದ ಬಗ್ಗೆ ನಾನು ಬರೆಯುತ್ತೇನೆ.

ಥಾಯ್ ಅಡುಗೆಯಲ್ಲಿ ತರಕಾರಿ ಅಂದರೂ ಮೀನಿನ ಸಾಸ್ ಬೀಳುತ್ತದೆ. ಅವರಿಗೆ ಅದು ನಮ್ಮ ಉಪ್ಪಿನ ಜಾಗದಲ್ಲಿ ಇರೋದು, ಬಚ್ಚಿಟ್ಟು ಹಾಕುವುದಲ್ಲ. ಪಪ್ಪಾಯಿ ಸಲಾಡ್‌ನಲ್ಲಿ ಒಣ ಸಿಗಡಿಯೂ ಇರುತ್ತದೆ. 'ನೋ ಮೀಟ್' ಅಂದರೆ ಸಾಲದು. ಹಳದಿ ಬಣ್ಣದ ಬೋರ್ಡ್ ಮೇಲೆ ಕೆಂಪು ಅಕ್ಷರ ಬರೆದಿರುತ್ತಾರೆ, ಅದು ಜೇ ಊಟದ ಗುರುತು. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ನೀವು ದಸರಾಕ್ಕೆ ಹೊರಟಿದ್ದು ಒಳ್ಳೆಯದೇ ಆಯಿತು. ಅಲ್ಲಿಯ ಚೀನಿ ಮೂಲದವರ ಸಸ್ಯಾಹಾರದ ಹಬ್ಬ ಹೆಚ್ಚೂ ಕಡಿಮೆ ನಮ್ಮ ನವರಾತ್ರಿ ಹೊತ್ತಿಗೇ ಬರುತ್ತದೆ. ಯಾವೊರಾತ್ ರಸ್ತೆ, ಅಂದರೆ ಚೈನಾಟೌನ್, ಪೂರ್ತಿ ಹಳದಿ ಬಾವುಟ. ಆಗ ಬೀದಿ ಊಟವನ್ನೂ ಧೈರ್ಯವಾಗಿ ಮಾಡಬಹುದು. ವಾಟ್ ಮಂಗ್‌ಕೋನ್ ಅನ್ನುವ ಮೆಟ್ರೊ ಸ್ಟೇಷನ್ ಅಲ್ಲೇ ಇದೆ.

ನಮ್ಮಂತೆ ಗಡ್ಡೆ ತಿನ್ನದವರಿಗೆ ಜೇ ಕೂಡ ಸಾಲುವುದಿಲ್ಲ, ಮೂಲಂಗಿ, ಗಜ್ಜರಿ ಇರುತ್ತದೆ. ನಾವು ಬೆಳಿಗ್ಗೆ ತಿಂಡಿ ರೂಮಿನಲ್ಲೇ ಮುಗಿಸುತ್ತಿದ್ದೆವು. ಸೆವೆನ್ ಇಲೆವೆನ್ ಅಂಗಡಿ ಎಲ್ಲ ಮೂಲೆಯಲ್ಲೂ ಇದೆ. ಮೊಸರು ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿ. ಬಹಳಷ್ಟು ಸಿಹಿ ಮೊಸರು, ಕೆಲವದರಲ್ಲಿ ಜೆಲಟಿನ್ ಬೇರೆ.

ಟಿಳಕವಾಡಿ ಮಂದಿ
ಬಹಳ ಉಪಯೋಗ ಆಯಿತು ರೀ. ಅವ್ವ ಈಗಾಗಲೇ ಖಡಕ್ ರೊಟ್ಟಿ ಬಡಿಯೋ ಲೆಕ್ಕ ಹಾಕುತ್ತಿದ್ದಾಳೆ. ಶೇಂಗಾ ಹಿಂಡಿ ಒಯ್ಯಬಹುದಾ?

ಗೋಳಗುಮ್ಮಟದ ನೆರಳು
ಒಯ್ಯಿರಿ. ಆದರೆ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ಪುಡಿ ಕಂಡರೆ ಸೆಕ್ಯೂರಿಟಿಯಲ್ಲಿ ತೆಗೆಸಿ ನೋಡುತ್ತಾರೆ. ನಮ್ಮ ವಿಜಯಪುರದ ಕಡೆ ಗುರೆಳ್ಳು ಹಿಂಡಿಯೂ ಒಯ್ಯುತ್ತಾರೆ. ಅಲ್ಲಿಯ ಸೆಕೆಗೆ ಶೇಂಗಾಕ್ಕಿಂತ ಅದೇ ಚೆನ್ನಾಗಿ ಉಳಿಯುತ್ತದೆ.

ಗೋಕಾಕ ಕರದಂಟು
ಶೇಂಗಾ ಹುರಿದು ಸರಿಯಾಗಿ ಕುಟ್ಟಿದ್ದರೆ ಒಂದು ತಿಂಗಳು ಏನೂ ಆಗುವುದಿಲ್ಲ. ಮಿಕ್ಸಿಗೆ ಹಾಕಿ ಎಣ್ಣೆ ಬಿಡಿಸಿದವರದ್ದು ಕಮಟು ಹಿಡಿಯುತ್ತದೆ.

ಗೋಳಗುಮ್ಮಟದ ನೆರಳು
ಅಣ್ಣಾ, ಒಳಕಲ್ಲು ಈಗ ಎಷ್ಟು ಮನೆಯಲ್ಲಿ ಉಳಿದಿದೆ ಹೇಳಿ.

ಅನಗೋಳದ ಅಕ್ಕ
ಹಿಂಡಿ ಮಾತು ಬೇರೆ ಕಡೆ ಆಡೋಣ. ಇವರಿಗೆ ರೂಮ್ ಆಗಬೇಕು.

ಗೋಳಗುಮ್ಮಟದ ನೆರಳು
ಸರಿ, ರೂಮಿನ ಮಾತಿಗೆ ಬರುತ್ತೇನೆ. ಸಿಲೋಮ್ ಯಾಕೆ ಯಾರೂ ಹೇಳುತ್ತಿಲ್ಲ? ಸಿಲೋಮ್ ರಸ್ತೆಯ ಮೇಲೆ ಶ್ರೀ ಮಹಾ ಮಾರಿಯಮ್ಮನ್ ಗುಡಿ ಇದೆ. 19ನೇ ಶತಮಾನದಲ್ಲಿ ಅಲ್ಲಿಗೆ ಹೋದ ತಮಿಳರು ಕಟ್ಟಿದ್ದು. ನಮ್ಮ ದಕ್ಷಿಣದ ಗೋಪುರ, ಹೊರಗೆ ಚೆಂಡುಹೂವಿನ ಮಾಲೆ ಮಾರುವವರು, ಒಳಗೆ ಕರ್ಪೂರದ ವಾಸನೆ. ಕೈಮುಗಿಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಥಾಯ್ ಜನ. ನವರಾತ್ರಿಯಲ್ಲಿ ದೊಡ್ಡ ಉತ್ಸವ, ಕೊನೆಗೆ ರಾತ್ರಿ ಅಮ್ಮನ ಮೆರವಣಿಗೆ. ಆ ದಿನ ಸಿಲೋಮ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿಬಿಡುತ್ತಾರೆ, ರಸ್ತೆ ಪೂರ್ತಿ ಹೂವಿನ ರಂಗೋಲಿ, ದೀಪ. ನಿಮ್ಮ ಅವ್ವಾರು ಎಷ್ಟು ಖುಷಿಪಡುತ್ತಾರೆ ವಿಚಾರ ಮಾಡಿ. ಸುತ್ತಮುತ್ತ ದಕ್ಷಿಣ ಭಾರತದ ಊಟದ ಹೋಟೆಲ್‌ಗಳೂ ಇವೆ. ಸುರಸಾಕ್ ಬಿಟಿಎಸ್ ಸ್ಟೇಷನ್ ಹತ್ತಿರ.

ಮಗಳಿಗೆ ಲುಂಪಿನಿ ಪಾರ್ಕ್ ತೋರಿಸಿ, ಅಲ್ಲಿಂದ ದೂರ ಇಲ್ಲ. ಕೆರೆಯಿಂದ ದೊಡ್ಡ ದೊಡ್ಡ ಉಡಗಳು ಎದ್ದು ಬಂದು ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತವೆ. ಯಾರನ್ನೂ ಮುಟ್ಟುವುದಿಲ್ಲ. ನಾಲಿಗೆ ಹೊರಗೆ ಚಾಚಿ ಚಾಚಿ ನೆಲ ಮೂಸುತ್ತಾ ನಡುದಾರಿಯಲ್ಲೇ ಹೋಗುತ್ತವೆ. ಮಕ್ಕಳಿಗೆ ಅಕ್ವೇರಿಯಂಗಿಂತ ಇದೇ ಜಾಸ್ತಿ ನೆನಪಿರುತ್ತದೆ.

ಕೋಟೆ ಕೆರೆ ವಾಕಿಂಗ್
ಸಿಲೋಮ್ ಒಳ್ಳೆಯ ಸಲಹೆಯೇ. ಆದರೆ ಇವರ ಪಟ್ಟಿ ನೋಡಿ ಹೇಳುತ್ತೇನೆ, ಅಸೋಕ್ ಇನ್ನೂ ಅನುಕೂಲ. ಅಲ್ಲಿ ಎರಡು ಲೈನ್ ಕೂಡುತ್ತವೆ. ಮೇಲೆ ಬಿಟಿಎಸ್, ಕೆಳಗೆ ಎಂಆರ್‌ಟಿ. ಎಂಆರ್‌ಟಿ ಸ್ಟೇಷನ್ನಿಗೆ ಸುಖುಮ್ವಿತ್ ಅಂತ ಹೆಸರು, ಜಾಗ ಅದೇ. ಅಲ್ಲಿ ನೀಲಿ ಮಾರ್ಗದ ಟ್ರೇನ್ ಹತ್ತಿದರೆ ಬದಲಾಯಿಸದೆ ಸನಾಮ್ ಚಾಯ್‌ಗೆ ಇಳಿಯಬಹುದು. 2019ರಲ್ಲಿ ಆ ಸ್ಟೇಷನ್ ಶುರುವಾಯಿತು. ಒಳಗೆ ಅರಮನೆಯ ದರ್ಬಾರ್ ಹಾಲ್ ಮಾದರಿಯಲ್ಲಿ ಕಂಬ, ಬಂಗಾರದ ಬಣ್ಣದ ಛಾವಣಿ. ಮೊದಲೆಲ್ಲ ಅರಮನೆ ಕಡೆ ಹೋಗಬೇಕಂದ್ರೆ ದೋಣಿ ಅಥವಾ ಟ್ರಾಫಿಕ್‌ನಲ್ಲಿ ಟ್ಯಾಕ್ಸಿ. ಈಗ ಆ ತ್ರಾಸ ಇಲ್ಲ. ಹಳೆಯ ಸಲಹೆ ಕೊಡುವವರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ನದಿ ಪಕ್ಕ ಉಳಿಯಿರಿ ಅಂತಾರೆ.

ಸ್ಟೇಷನ್ನಿಂದ ಹೊರಬಂದು ಸ್ವಲ್ಪ ನಡೆದರೆ ವಾಟ್ ಫೋ. ಮಲಗಿದ ಬುದ್ಧ ಅಲ್ಲೇ, 46 ಮೀಟರ್ ಉದ್ದ. ಪಾದಗಳ ತಳಕ್ಕೆ ಮುತ್ತಿನ ಚಿಪ್ಪು ಕೂರಿಸಿ ಚಿತ್ರ ಬಿಡಿಸಿದ್ದಾರೆ, ಆ ಕಡೆ ಹೋಗಿ ನಿಂತು ನೋಡಿ. ಹಿಂದಿನ ಗೋಡೆಗುಂಟ ಕಂಚಿನ ಪಾತ್ರೆಗಳ ಸಾಲಿದೆ. ಒಂದು ಬಟ್ಟಲು ಚಿಲ್ಲರೆ ತಗೊಂಡು ಒಂದೊಂದರಲ್ಲಿ ಒಂದೊಂದು ಹಾಕುತ್ತಾ ಹೋಗಬೇಕು. ಠಣ್ ಠಣ್ ಸದ್ದು ಇಡೀ ಕಟ್ಟಡ ತುಂಬುತ್ತದೆ. ನಮ್ಮ ಮಾವನವರು ಅದನ್ನು ಮುಗಿಸದೆ ಹೊರಗೆ ಬರಲಿಲ್ಲ.

ಅರಮನೆ ಮಾತ್ರ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಒಳಗೆ ನೆರಳು ಕಡಿಮೆ, ಹತ್ತರ ಮೇಲೆ ಹಿರಿಯರಿಗೆ ಆಗುವುದಿಲ್ಲ. ಪ್ರವೇಶ ಒಬ್ಬರಿಗೆ 500 ಬಾತ್. ತೋಳು, ಮೊಣಕಾಲು ಮುಚ್ಚಿರಬೇಕು, ಸೀರೆಗೆ ತೊಂದರೆ ಇಲ್ಲ.

ಕುಂದಾ ಪ್ರಿಯ
500 ಬಾತ್ ಅಂದರೆ ಸಾವಿರದ ಮೇಲೆ ರೂಪಾಯಿ ಆಯಿತಲ್ಲ!

ಕೋಟೆ ಕೆರೆ ವಾಕಿಂಗ್
ಆಯಿತು. ಆದರೂ ಬಿಡಬೇಡಿ.

ಖಾನಾಪುರ ಕಾಡು
ಎರಡು ಏರಿಯಾದಲ್ಲಿ ಹಂಚಿ ಉಳಿದರೆ ಹೇಗೆ? ಮೊದಲು ನದಿ ಕಡೆ ಇದ್ದು ಅರಮನೆ, ಗುಡಿ ಮುಗಿಸೋದು. ಆಮೇಲೆ ಸಯಾಮ್ ಕಡೆ ಬಂದು ಮಾಲ್, ಖರೀದಿ. ಓಡಾಟ ಉಳಿಯುತ್ತದೆ.

ಅನಗೋಳದ ಅಕ್ಕ
ನಾಲ್ಕು ಜನರ ಬ್ಯಾಗು ಕಟ್ಟಿ, ಒಂದು ರೂಮ್ ಹನ್ನೆರಡಕ್ಕೆ ಬಿಟ್ಟು, ಇನ್ನೊಂದು ಎರಡಕ್ಕೆ ಸಿಗುವವರೆಗೆ ಲಾಬಿಯಲ್ಲಿ ಕೂತು... ಒಂದು ದಿನ ಹೋಯಿತು ಅಂತಲೇ ಲೆಕ್ಕ. ಮಗು, ಹಿರಿಯರು ಇರುವಾಗ ಒಂದೇ ಕಡೆ ಇರೋದು ಒಳ್ಳೆಯದು.

ಖಾನಾಪುರ ಕಾಡು
ನನಗೆ ಇನ್ನೂ ನದಿಯೇ ಇಷ್ಟ ಅಕ್ಕಾ. ಸಂಜೆ ಸೂರ್ಯ ಇಳಿಯೋ ಹೊತ್ತಿಗೆ ವಾಟ್ ಅರುಣ್ ಗೋಪುರ ನೋಡಬೇಕು, ಊರಿಗೆ ಬಂದರೂ ಅದೇ ಕಣ್ಣ ಮುಂದೆ ಇರುತ್ತದೆ.

ನವನಗರದವ
ವಾಟ್ ಅರುಣ್ ನೋಡಲು ನದಿ ದಂಡೆಯಲ್ಲಿ ಮಲಗಬೇಕಿಲ್ಲ ಸರ್. ವಾಟ್ ಫೋ ಮುಗಿಸಿ ಥಾ ತಿಯೆನ್ ಕಡವಿಗೆ ಹೋದರೆ ಆ ದಂಡೆಗೆ ಸಣ್ಣ ದೋಣಿ ಓಡುತ್ತಲೇ ಇರುತ್ತದೆ. ಕಡವಿನ ತೆಪ್ಪ ಅಲುಗುತ್ತದೆ, ಅವ್ವಾರ ಕೈ ಗಟ್ಟಿ ಹಿಡಿದುಕೊಳ್ಳಿ. ಸೇನ್ ಸೇಪ್ ಕಾಲುವೆಯ ದೋಣಿ ಮಾತ್ರ ಅವರಿಗೆ ಬೇಡವೇ ಬೇಡ. ಅದು ಪೂರ್ತಿ ನಿಲ್ಲುವುದಿಲ್ಲ, ಅಂಚಿನ ಮೇಲೆ ಕಾಲಿಟ್ಟು ಹಾರಬೇಕು.

ನದಿ ಕಡೆ ಐದಾರು ಸಾವಿರಕ್ಕೆ ಒಳ್ಳೆಯ ಫ್ಯಾಮಿಲಿ ರೂಮ್ ಸಿಗೋದೂ ಕಷ್ಟ.

ಟಿಳಕವಾಡಿ ಮಂದಿ
ನಮ್ಮ ವಿಮಾನ ಬೆಳಗಿನ ಜಾವ ಸುವರ್ಣಭೂಮಿಗೆ ಇಳಿಯುತ್ತದೆ. ರೂಮ್ ಮಧ್ಯಾಹ್ನ ಎರಡಕ್ಕೆ. ಅಲ್ಲಿಂದ ಅಸೋಕ್‌ಗೆ ಟ್ರೇನಾ, ಟ್ಯಾಕ್ಸಿಯಾ?

ನವನಗರದವ
ಟ್ರೇನ್ ಇದೆ. ಏರ್‌ಪೋರ್ಟ್ ರೈಲ್ ಲಿಂಕ್, ಕೊನೆಯ ಸ್ಟೇಷನ್ ಫಯಾ ಥಾಯ್‌ವರೆಗೆ 45 ಬಾತ್, ಅರ್ಧ ಗಂಟೆ. ಆದರೆ ನಾಲ್ಕು ಜನಕ್ಕೆ 180 ಆಯಿತು, ಮೇಲೆ ಬಿಟಿಎಸ್ ಟಿಕೆಟ್ ಬೇರೆ, ಬ್ಯಾಗ್ ಎಳೆದುಕೊಂಡು ಇಳಿದು ಹತ್ತಬೇಕು. ನಿಮಗೆ ಟ್ಯಾಕ್ಸಿಯೇ ಸರಿ. ಕೆಳಗಿನ ಮಹಡಿಯಲ್ಲಿ ಮಷಿನ್‌ನಿಂದ ಚೀಟಿ ಬರುತ್ತದೆ, ಅದರಲ್ಲಿ ಯಾವ ನಂಬರಿನ ಕಟ್ಟೆಗೆ ಹೋಗಬೇಕು ಅಂತ ಇರುತ್ತದೆ. ಮೀಟರ್ ಹಾಕಿಸಿ. ಮೀಟರ್ ಮೇಲೆ ಏರ್‌ಪೋರ್ಟ್ ಚಾರ್ಜ್ ಮತ್ತು ಟೋಲ್ ನೀವೇ ಕೊಡಬೇಕು, ಅದು ಮೋಸ ಅಲ್ಲ. ಬೆಳಗಿನ ಜಾವ ರಸ್ತೆ ಖಾಲಿ ಇರುತ್ತದೆ.

ಡಾನ್ ಮುವಾಂಗ್‌ಗೆ ಇಳಿಯುವವರು ಇದನ್ನು ಓದಿ ಗೊಂದಲ ಮಾಡಿಕೊಳ್ಳಬೇಡಿ. ಅದು ಬೇರೆ ಏರ್‌ಪೋರ್ಟ್, ಊರಿನ ಉತ್ತರಕ್ಕೆ. ಅಲ್ಲಿಂದ ಕೆಂಪು ಮಾರ್ಗದ ಟ್ರೇನ್.

ಹಿಂದವಾಡಿ ಜೈನ್ ಮನೆ
ಬ್ಯಾಗ್ ಹೋಟೆಲ್‌ನಲ್ಲಿ ಇಟ್ಟುಕೊಳ್ಳುತ್ತಾರೆ, ದುಡ್ಡು ಕೇಳುವುದಿಲ್ಲ. ಆದರೆ ರಾತ್ರಿ ನಿದ್ದೆ ಕೆಟ್ಟ ಅಜ್ಜಿಯನ್ನು ಎರಡರವರೆಗೆ ಎಲ್ಲಿ ಕೂರಿಸುತ್ತೀರಿ? ಹಿಂದಿನ ರಾತ್ರಿಗೂ ಸೇರಿಸಿ ಬುಕ್ ಮಾಡಿ, ಬೆಳಿಗ್ಗೆ ಬರುತ್ತೇವೆ ಅಂತ ಮೊದಲೇ ಮೇಲ್ ಹಾಕಿ. ಒಂದು ದಿನದ ಬಾಡಿಗೆ ಜಾಸ್ತಿ ಹೋಗುತ್ತದೆ. ಹೋಗಲಿ.

ಅನಗೋಳದ ಅಕ್ಕ
ಹೋಟೆಲ್ ಆರಿಸುವಾಗ ಬಾತ್‌ರೂಮ್ ಫೋಟೊ ನೋಡಿ ಅಂತ ಯಾರೂ ಹೇಳಲಿಲ್ಲ. ಬಹಳ ಕಡೆ ಟಬ್ ಒಳಗೇ ನಿಂತು ಸ್ನಾನ. ಆ ಟಬ್ಬಿನ ಅಂಚು ಮೊಣಕಾಲಿನ ಎತ್ತರ ಇರುತ್ತದೆ, ಒದ್ದೆ ಕಾಲಲ್ಲಿ ಅದನ್ನು ದಾಟಬೇಕು. ಹಿರಿಯರು ಬೀಳೋದು ಅಲ್ಲೇ. ಟಬ್ ಇಲ್ಲದ, ನೆಲದ ಮೇಲೇ ಶವರ್ ಇರುವ ರೂಮ್ ಬೇಕು ಅಂತ ಬುಕಿಂಗ್‌ನಲ್ಲಿ ಬರೆಯಿರಿ, ಉತ್ತರ ಬರುವವರೆಗೆ ಬಿಡಬೇಡಿ. ಏರಿಯಾಕ್ಕಿಂತ ನನಗೆ ಇದು ದೊಡ್ಡ ಮಾತು.

ಟಾಯ್ಲೆಟ್‌ನಲ್ಲಿ ನೀರಿನ ಪೈಪು ಬಹುತೇಕ ಎಲ್ಲ ಕಡೆ ಇರುತ್ತದೆ, ಅದರ ಚಿಂತೆ ಬೇಡ.

ಶಹಾಪುರ ಸೀರೆ
ನೀವು ಅಸೋಕ್‌ನಲ್ಲೇ ಇರಿ, ಒಪ್ಪಿದೆ. ಬಟ್ಟೆಗೆ ಮಾತ್ರ ಪ್ಲಾಟಿನಮ್‌ಗೆ ಬನ್ನಿ. ಶನಿವಾರ ಭಾನುವಾರ ಬಿಟ್ಟು ಬನ್ನಿ. ಎಸಿ ಇದೆ, ಲಿಫ್ಟ್ ಇದೆ, ಮೇಲೆ ಊಟದ ಮಹಡಿ ಇದೆ, ಅವ್ವಾರನ್ನು ಅಲ್ಲಿ ಕೂರಿಸಬಹುದು. ಅಂಗಡಿ ಸಣ್ಣ ಸಣ್ಣದು, ಬಹಳ ಕಡೆ ಹಾಕಿ ನೋಡಲು ಬಿಡುವುದಿಲ್ಲ. ಅಳತೆ ಟೇಪು ಒಯ್ದರೆ ಒಳ್ಳೆಯದು.

ತಾನಿನ ಬಟ್ಟೆ, ಲೇಸು, ಜರಿ ಬೇಕಂದ್ರೆ ಫಾಹುರಾತ್. ಅದು ಹಳೆಯ ಇಂಡಿಯನ್ ಪೇಟೆ, ಸಾಮ್ ಯೋತ್ ಸ್ಟೇಷನ್. ಅಲ್ಲಿ ಚಿನ್ನದ ಗುಮ್ಮಟದ ದೊಡ್ಡ ಗುರುದ್ವಾರ ಇದೆ. ನನ್ನಂಥವನಿಗೆ ಆ ಗಲ್ಲಿಯಿಂದ ಹೊರಗೆ ಬರಲು ಮನಸ್ಸೇ ಆಗುವುದಿಲ್ಲ.

ಟಿಳಕವಾಡಿ ಮಂದಿ
ರೂಮ್ ಆಯಿತು ರೀ. ಅಸೋಕ್ ಮತ್ತು ಫ್ರೋಮ್ ಫೋಂಗ್ ನಡುವೆ, ಸೋಯಿಯ ಬಾಯಲ್ಲೇ, ಒಳಗೆ ಹೋಗಬೇಕಿಲ್ಲ. ಸ್ಟೇಷನ್ನಿಂದ ಹೋಟೆಲ್‌ವರೆಗಿನ ರಸ್ತೆ ಮ್ಯಾಪ್‌ನಲ್ಲಿ ಫೋಟೊ ಫೋಟೊ ನೋಡಿದೆ. ಟಬ್ ಇಲ್ಲ ಅಂತ ಅವರೇ ಬರೆದು ಕಳಿಸಿದ್ದಾರೆ. ಹಿಂದಿನ ರಾತ್ರಿಯನ್ನೂ ಸೇರಿಸಿದೆ. ಏಜೆಂಟ್ ಹೇಳಿದ ರೇಟಿಗಿಂತ ಸ್ವಲ್ಪ ಜಾಸ್ತಿ ಆಯಿತು, ಪರವಾಗಿಲ್ಲ. ಮಾರಿಯಮ್ಮನ ಗುಡಿ ಮಾತು ಕೇಳಿದ ಮೇಲೆ ಅವ್ವ ಅರಮನೆಗಿಂತ ಮೊದಲು ಅಲ್ಲಿಗೇ ಅಂತ ಹಟ ಹಿಡಿದಿದ್ದಾಳೆ.

ಗೋಳಗುಮ್ಮಟದ ನೆರಳು
ಬಹಳ ಸಂತೋಷ. ಚಿಟ್ ಲೋಮ್ ಸ್ಟೇಷನ್ ಹತ್ತಿರ ಎರಾವಾನ್ ಗುಡಿಯೂ ಇದೆ, ನಾಲ್ಕು ಮುಖದ ಬ್ರಹ್ಮ. ಸ್ಕೈವಾಕ್ ಮೇಲಿಂದಲೇ ಕಾಣುತ್ತದೆ. ಹರಕೆ ತೀರಿಸುವವರು ದುಡ್ಡು ಕೊಟ್ಟು ನೃತ್ಯ ಮಾಡಿಸುತ್ತಾರೆ. ಸಯಾಮ್‌ಗೆ ಅಕ್ವೇರಿಯಂ ನೋಡಲು ಹೋಗುವ ದಿನವೇ ಇದನ್ನೂ ಸೇರಿಸಿ, ಪಕ್ಕದ ಸ್ಟೇಷನ್. ಅಕ್ವೇರಿಯಂ ಪ್ಯಾರಾಗಾನ್ ಮಾಲ್‌ನ ನೆಲಮಾಳಿಗೆಯಲ್ಲಿದೆ.

ಕೋಟೆ ಕೆರೆ ವಾಕಿಂಗ್
ಅರಮನೆ ಹತ್ತಿರ ಯಾರಾದರೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಇವತ್ತು ಅರಮನೆ ಬಂದ್, ಬೇರೆ ಗುಡಿ ತೋರಿಸುತ್ತೇನೆ, ಟುಕ್‌ಟುಕ್ ಬರೇ 20 ಬಾತ್ ಅಂದರೆ ನಿಲ್ಲಲೇಬೇಡಿ. ಹರಳಿನ ಅಂಗಡಿಗೋ ಟೇಲರ್ ಅಂಗಡಿಗೋ ಒಯ್ದು ಕೂರಿಸುತ್ತಾರೆ. ಸೀದಾ ಟಿಕೆಟ್ ಬಾಗಿಲಿಗೆ ಹೋಗಿ ನೋಡಿ.

ಅಕ್ಟೋಬರ್‌ನಲ್ಲಿ ಮಳೆ ಇನ್ನೂ ಇರುತ್ತದೆ. ಸಂಜೆ ಒಮ್ಮೆಲೆ ಸುರಿದು ಸೋಯಿಗಳಲ್ಲಿ ನೀರು ನಿಲ್ಲುತ್ತದೆ. ಅವ್ವಾರಿಗೆ ಜಾರದ ಚಪ್ಪಲಿ ಇರಲಿ.

ಹಿಂದವಾಡಿ ಜೈನ್ ಮನೆ
ಹೊರಡುವ ಮುಂಚೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಲು ಮರೆಯಬೇಡಿ. 2025ರ ಮೇ 1ರಿಂದ ಕಡ್ಡಾಯ ಆಗಿದೆ. ಇಳಿಯುವ ದಿನಕ್ಕೆ ಮೂರು ದಿನ ಮುಂಚೆಯಿಂದ ತುಂಬಬಹುದು. ಮಗಳದ್ದೂ ಬೇರೆ ತುಂಬಬೇಕು. ದುಡ್ಡು ಏನೂ ಇಲ್ಲ, ಫೀ ಕೇಳುವ ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಅದನ್ನೂ ಅದೇ ವಾರ ನೋಡಿಕೊಳ್ಳಿ.

ನಿಪ್ಪಾಣಿಯವ
ಎಲ್ಲ ಓದಿದೆ. ನಾವು ಏಪ್ರಿಲ್‌ನಲ್ಲಿ, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಹೊರಟಿದ್ದೇವೆ. ಎರಡು ವರ್ಷದ ಕೂಸು ಇದೆ. ನಮಗೂ ಅಸೋಕ್ ಸರೀನಾ, ಸಿಲೋಮ್ ನೋಡಲಾ?

ನವನಗರದವ
ತಾರೀಕು ಮೊದಲು ನೋಡಿ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಅವರ ಹೊಸ ವರ್ಷ. ಸಿಲೋಮ್ ರಸ್ತೆ, ಖಾವೊಸಾನ್ ಎರಡೂ ಕಡೆ ಸಾವಿರಾರು ಜನ ಬೀದಿಯಲ್ಲಿ ನೀರು ಎರಚುತ್ತಾರೆ, ಕೂಸಿದೆ ಅಂತ ಬಿಡುವುದಿಲ್ಲ. ಆ ದಿನಗಳಲ್ಲಿ ಹೋಗುವುದಾದರೆ ಸಿಲೋಮ್ ಬೇಡ, ಫ್ರೋಮ್ ಫೋಂಗ್ ಅಥವಾ ಅದಕ್ಕೂ ಮುಂದೆ ಥೋಂಗ್ ಲೋ ಕಡೆ ನೋಡಿ. ಬಿಸಿಲೂ ಆಗ ವರ್ಷದಲ್ಲೇ ಜಾಸ್ತಿ. ಕೂಸಿನ ಗಾಡಿ ಒಯ್ಯುವುದಾದರೆ ಮಾಲ್‌ಗೆ ಅಂಟಿದ ಸ್ಟೇಷನ್ ನಿಮಗೂ ಬೇಕೇ ಬೇಕು.

ನಿಪ್ಪಾಣಿಯವ
ಹಾಗಾದರೆ 20ರ ಮೇಲೆ ಹೋಗುತ್ತೇವೆ. ಥೋಂಗ್ ಲೋ ಸ್ಟೇಷನ್ ಪಕ್ಕದ ಹೋಟೆಲ್ ಒಂದರ ಲಿಂಕ್ ಹಾಕುತ್ತೇನೆ, ಸೋಯಿ ಎಷ್ಟು ಒಳಗೆ ಇದೆ ನೋಡಿ ಹೇಳ್ರಿ ಸರ್.